ಜಿಂಪ್‌ನಲ್ಲಿ ರೇಖಾಗಣಿತದ ಆಕೃತಿಗಳು: ಪ್ರಶ್ನೆಪತ್ರಿಕೆಗಾಗಿ ನಾನು ರೂಢಿಸಿಕೊಂಡ ಕ್ರಮ

ಕಂಪ್ಯೂಟರಿನಲ್ಲಿ ಚಿತ್ರ ತಿದ್ದುವ ಜಿಂಪ್ ತಂತ್ರಾಂಶವನ್ನು ಮೊದಲ ಸಲ ತೆರೆದವರು ವೃತ್ತ, ಚೌಕ, ತ್ರಿಭುಜ ಬರೆಯುವ ಗುಂಡಿ ಎಲ್ಲಿದೆ ಎಂದು ಪರಿಕರಗಳ ಪೆಟ್ಟಿಗೆಯನ್ನೆಲ್ಲ ಜಾಲಾಡುತ್ತಾರೆ. ನಾನು ಬಳಸುವ 2.10ರ ಆವೃತ್ತಿಯಲ್ಲಿ ಅಂಥ ಗುಂಡಿಯೇ ಇಲ್ಲ. ಕಚೇರಿ ಕೆಲಸದ ತಂತ್ರಾಂಶಗಳಲ್ಲಿ ಸಿದ್ಧ ಆಕೃತಿಗಳನ್ನು ಎಳೆದು ರೂಢಿಯಿದ್ದವರಿಗೆ ಇದು ಕೊರತೆಯಾಗಿ ಕಾಣುವುದು ಸಹಜ. ಆದರೆ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನನಗೆ, ಕಿರು ಪರೀಕ್ಷೆಗಳ ಪ್ರಶ್ನೆಪತ್ರಿಕೆಗೆ ಚಿತ್ರ ಬರೆಯುತ್ತ ಬರೆಯುತ್ತ, ಈ ತಂತ್ರಾಂಶದ ರೀತಿಯೇ ಗಣಿತದವರಿಗೆ ಹೆಚ್ಚು ಒಗ್ಗುತ್ತದೆ ಎಂಬ ಅಭಿಪ್ರಾಯ ಗಟ್ಟಿಯಾಗಿದೆ.

ಜಿಂಪ್‌ನಲ್ಲಿ ಆಕೃತಿಯೆಂದರೆ ಮೊದಲು ಒಂದು ಆಯ್ಕೆ, ಅಂದರೆ ಹಾಳೆಯ ಮೇಲೆ ಗುರುತಿಸಿಕೊಂಡ ಒಂದು ಪ್ರದೇಶ. ಆ ಪ್ರದೇಶದ ಒಳಗೆ ಬಣ್ಣ ತುಂಬಿದರೆ ತುಂಬಿದ ಆಕೃತಿ ದೊರೆಯುತ್ತದೆ. ಅದರ ಅಂಚಿನ ಮೇಲೆ ಗೆರೆ ಹಾಯಿಸಿದರೆ ಬಾಹ್ಯರೇಖೆ ದೊರೆಯುತ್ತದೆ. ಆಯತದ ಆಯ್ಕೆಗೆ ಕೀಲಿಮಣೆಯ ಆರ್ ಅಕ್ಷರ, ದೀರ್ಘವೃತ್ತದ ಆಯ್ಕೆಗೆ ಇ ಅಕ್ಷರ. ಮುನ್ನೆಲೆಯ ಬಣ್ಣ ತುಂಬಲು ಕಂಟ್ರೋಲ್ ಕೀಲಿಯ ಜೊತೆ ಅಲ್ಪವಿರಾಮ, ಗೆರೆ ಹಾಯಿಸಲು ಎಡಿಟ್ ಮೆನುವಿನ ಸ್ಟ್ರೋಕ್ ಸೆಲೆಕ್ಷನ್. ಪ್ರಶ್ನೆಪತ್ರಿಕೆಯ ಬಹುಪಾಲು ಚಿತ್ರಗಳು ಇಷ್ಟರಲ್ಲೇ ಮುಗಿಯುತ್ತವೆ.

ಕೈಯಿಂದ ಎಳೆದ ಆಯ್ಕೆಯನ್ನು ಮಾತ್ರ ನಾನು ನಂಬುವುದಿಲ್ಲ. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಮೌಸ್ ಎಳೆದು ವೃತ್ತ ಮಾಡಲು ಹೋಗಿ, "ಸರ್, ಇದು ಗೋಲ ಆಗವಲ್ದರಿ, ತತ್ತಿ ಆಗೇದರಿ" ಎಂದಳು. ಮೌಸ್ ಎಳೆಯಲು ಆರಂಭಿಸಿದ ಮೇಲೆ ಶಿಫ್ಟ್ ಒತ್ತಿ ಹಿಡಿದರೆ ಅದು ಸರಿಯಾದ ವೃತ್ತವಾಗುತ್ತದೆ, ಕಂಟ್ರೋಲ್ ಒತ್ತಿ ಹಿಡಿದರೆ ಕೇಂದ್ರದಿಂದ ಹೊರಕ್ಕೆ ಹಿಗ್ಗುತ್ತದೆ. ಇದು ಎಲ್ಲರೂ ಹೇಳಿಕೊಡುವ ಉಪಾಯ. ನಾನು ಹೇಳಿಕೊಡುವುದು ಬೇರೆ: ಸುಮಾರಾಗಿ ಒಂದು ಆಕಾರ ಎಳೆದು, ಪರಿಕರದ ಆಯ್ಕೆಗಳ ಫಲಕದಲ್ಲಿರುವ ಪೊಸಿಷನ್ ಮತ್ತು ಸೈಜ್ ಎಂಬ ನಾಲ್ಕು ಮನೆಗಳಲ್ಲಿ ಬೇಕಾದ ಸಂಖ್ಯೆಗಳನ್ನು ತುಂಬುವುದು. ಪೊಸಿಷನ್ ಎಂದರೆ ಆಕೃತಿಯನ್ನು ಸುತ್ತುವರಿದ ಆಯತದ ಎಡ ಮೇಲ್ಮೂಲೆಯೇ ಹೊರತು ವೃತ್ತದ ಕೇಂದ್ರವಲ್ಲ. ಆದ್ದರಿಂದ ಕೇಂದ್ರದ ಎರಡೂ ನಿರ್ದೇಶಾಂಕಗಳಿಂದ ತ್ರಿಜ್ಯವನ್ನು ಕಳೆದು ಪೊಸಿಷನ್‌ನಲ್ಲಿಯೂ, ತ್ರಿಜ್ಯದ ಎರಡರಷ್ಟನ್ನು ಸೈಜ್‌ನ ಎರಡೂ ಮನೆಗಳಲ್ಲಿಯೂ ಬರೆಯಬೇಕು. ಇನ್ನೊಂದು ಸಂಗತಿ ಮಕ್ಕಳಿಗೆ ಮೊದಮೊದಲು ಗೊಂದಲ ಉಂಟುಮಾಡುತ್ತದೆ: ಇಲ್ಲಿ ಮೂಲಬಿಂದು ಹಾಳೆಯ ಎಡ ಮೇಲ್ತುದಿಯಲ್ಲಿದ್ದು, ಲಂಬ ಅಕ್ಷದ ಸಂಖ್ಯೆಗಳು ಕೆಳಕ್ಕೆ ಹೋದಂತೆ ಹೆಚ್ಚುತ್ತವೆ.

ನನ್ನ ಹಾಳೆ ಸಾಮಾನ್ಯವಾಗಿ 1600 × 1600 ಪಿಕ್ಸೆಲ್‌ಗಳದ್ದು, ಅಂದರೆ ಚಿತ್ರವನ್ನು ರೂಪಿಸುವ ಪುಟ್ಟ ಚುಕ್ಕೆಗಳದ್ದು. ಪ್ರಶ್ನೆಪತ್ರಿಕೆಯಲ್ಲಿ ಚಿತ್ರದ ಅಗಲ 8 ಸೆಂ.ಮೀ. ಸಾಕಾಗುವುದರಿಂದ ಒಂದು ಸೆಂಟಿಮೀಟರಿಗೆ 200 ಪಿಕ್ಸೆಲ್ ಬರುತ್ತದೆ, ಲೆಕ್ಕ ಬಾಯಲ್ಲೇ ಆಗುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಗೆರೆ ಬೇಕೆಂದರೆ 10 ಪಿಕ್ಸೆಲ್. ಅದಕ್ಕಿಂತ ತೆಳುವಾದ ಗೆರೆಗಳು ನಮ್ಮ ಬಸ್ ನಿಲ್ದಾಣದ ಬಳಿಯ ಝೆರಾಕ್ಸ್ ಅಂಗಡಿಯಲ್ಲಿ ಟೋನರ್ ಮುಗಿಯುತ್ತ ಬಂದ ದಿನ ಅಲ್ಲಲ್ಲಿ ಮಾಯವಾಗುತ್ತವೆ. ಸ್ಟ್ರೋಕ್ ಮಾಡಿದಾಗ ಗೆರೆಯ ಅರ್ಧ ದಪ್ಪ ಆಯ್ಕೆಯ ಒಳಗೂ ಇನ್ನರ್ಧ ಹೊರಗೂ ಬೀಳುತ್ತದೆಂಬುದು ಗಮನದಲ್ಲಿದ್ದರೆ ಒಂದಕ್ಕೊಂದು ತಾಗುವ ಆಕೃತಿಗಳು ನಿಖರವಾಗಿ ಕೂಡುತ್ತವೆ.

ಸಂಖ್ಯೆಗಳ ಈ ಪದ್ಧತಿಯ ನಿಜವಾದ ಸೊಗಸು ಕಾಣುವುದು ಸ್ಪರ್ಶಕಗಳ ಚಿತ್ರದಲ್ಲಿ. ಹತ್ತನೆಯ ತರಗತಿಯಲ್ಲಿ ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಎರಡು ಸ್ಪರ್ಶಕಗಳ ಚಿತ್ರ ಮತ್ತೆ ಮತ್ತೆ ಬೇಕಾಗುತ್ತದೆ. ಕಣ್ಣಂದಾಜಿನಲ್ಲಿ ಎಳೆದರೆ ಗೆರೆಯು ವೃತ್ತವನ್ನು ಒಂದೋ ಕತ್ತರಿಸುತ್ತದೆ, ಇಲ್ಲವೋ ಕೂದಲೆಳೆಯಷ್ಟು ದೂರ ನಿಲ್ಲುತ್ತದೆ. ಇದಕ್ಕೆ ನಾನು 3, 4, 5ರ ಲಂಬಕೋನ ತ್ರಿಭುಜವನ್ನು ನೂರರಿಂದ ಗುಣಿಸಿ ಬಳಸುತ್ತೇನೆ. ಕೇಂದ್ರ (600, 600), ತ್ರಿಜ್ಯ 300, ಬಾಹ್ಯ ಬಿಂದು (1100, 600). ಕೇಂದ್ರದಿಂದ ಬಾಹ್ಯ ಬಿಂದುವಿಗೆ 500 ಇರುವುದರಿಂದ ಸ್ಪರ್ಶಕದ ಉದ್ದ 400 ಆಗಲೇಬೇಕು. ಸಮರೂಪ ತ್ರಿಭುಜಗಳಿಂದ ಲೆಕ್ಕ ಹಾಕಿದರೆ ಸ್ಪರ್ಶಬಿಂದುಗಳು (780, 360) ಮತ್ತು (780, 840) ಎಂದು ಬರುತ್ತವೆ. ಎಲ್ಲವೂ ಪೂರ್ಣಾಂಕಗಳು, ಒಂದು ಪಿಕ್ಸೆಲ್ ಕೂಡ ಅತ್ತಿತ್ತ ಸರಿಸಬೇಕಿಲ್ಲ.

ಈ ಬಿಂದುಗಳನ್ನು ಹಾಳೆಯ ಮೇಲೆ ಹಿಡಿದಿಡಲು ಗೈಡ್‌ಗಳು ಬೇಕು. ಇಮೇಜ್ ಮೆನುವಿನ ಗೈಡ್ಸ್ ವಿಭಾಗದಲ್ಲಿ ನ್ಯೂ ಗೈಡ್ ಆರಿಸಿ, ಅಡ್ಡಕ್ಕೆ 360, 600, 840 ಮತ್ತು ಉದ್ದಕ್ಕೆ 600, 780, 1100 ಎಂದು ಕೊಟ್ಟರೆ, ಮುದ್ರಣದಲ್ಲಿ ಕಾಣಿಸದ ತೆಳು ಗೆರೆಗಳು ಹಾಳೆಯ ಮೇಲೆ ಬಲೆಯಾಗಿ ನಿಲ್ಲುತ್ತವೆ. ಅನಂತರ ಬಿ ಅಕ್ಷರ ಒತ್ತಿ ಪಾತ್ಸ್ ಪರಿಕರವನ್ನು ತೆಗೆದುಕೊಂಡು ಮೇಲಿನ ಸ್ಪರ್ಶಬಿಂದು, ಬಾಹ್ಯ ಬಿಂದು, ಕೆಳಗಿನ ಸ್ಪರ್ಶಬಿಂದು ಎಂಬ ಕ್ರಮದಲ್ಲಿ ಒಂದೊಂದು ಸಲ ಕ್ಲಿಕ್ ಮಾಡಿದರೆ, ಗೈಡ್‌ಗಳು ಕೂಡುವ ಜಾಗಕ್ಕೆ ಬಿಂದು ತಾನಾಗಿಯೇ ಹೋಗಿ ಅಂಟಿಕೊಳ್ಳುತ್ತದೆ. ಎಡಿಟ್ ಮೆನುವಿನ ಸ್ಟ್ರೋಕ್ ಪಾತ್ ಗೆರೆಯನ್ನು ಹಾಯಿಸುತ್ತದೆ. ತ್ರಿಭುಜದಂಥ ಮುಚ್ಚಿದ ಆಕೃತಿಯಾದರೆ ಕೊನೆಗೆ ಕಂಟ್ರೋಲ್ ಒತ್ತಿ ಮೊದಲ ಬಿಂದುವಿನ ಮೇಲೆ ಕ್ಲಿಕ್ ಮಾಡಬೇಕು, ಗೆರೆಗಳ ಕೂಡುವಿಕೆಯನ್ನು ಮೈಟರ್ ಎಂದು ಇಟ್ಟುಕೊಳ್ಳಬೇಕು. ಶೃಂಗಗಳು ಮೊನಚಾಗಿ ಬರುತ್ತವೆ. ಸ್ಪರ್ಶಬಿಂದುವಿನಲ್ಲಿ ಲಂಬಕೋನದ ಪುಟ್ಟ ಗುರುತು ಕೂಡ ಇದೇ ಅನುಪಾತದಿಂದ ದೊರೆಯುತ್ತದೆ: (750, 400), (790, 430), (820, 390). ಈ ಮೂರು ಬಿಂದುಗಳನ್ನು ಸೇರಿಸಿದರೆ 50 ಪಿಕ್ಸೆಲ್ ಬಾಹುವಿನ ಚೌಕದ ಎರಡು ಅಂಚುಗಳು ಸಿಗುತ್ತವೆ. ಮುಗಿದ ಮೇಲೆ ಮೆಷರ್ ಪರಿಕರದಿಂದ ಸ್ಪರ್ಶಕದ ಉದ್ದವನ್ನು ಅಳೆದು 400 ಬಂದಿದೆಯೇ ಎಂದು ನೋಡುವುದು ನನಗೆ ಒಂದು ಚಟವೇ ಆಗಿದೆ.

ಇಷ್ಟು ಕೆಲಸಕ್ಕೆ ಜಿಂಪ್ ಏಕೆ, ಇಂಕ್‌ಸ್ಕೇಪ್ ಅಥವಾ ಜಿಯೊಜೀಬ್ರಾ ಸಾಲದೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಅವರ ಪ್ರಶ್ನೆ ನ್ಯಾಯವಾದದ್ದೇ. ಜಿಂಪ್ ಮೂಲತಃ ಛಾಯಾಚಿತ್ರ ತಿದ್ದುವ ತಂತ್ರಾಂಶ. ಬರೆದ ಗೆರೆ ಪಿಕ್ಸೆಲ್‌ಗಳಾಗಿ ಹಾಳೆಗೆ ಇಳಿದುಬಿಡುತ್ತದೆ, ಅದನ್ನು ಆಮೇಲೆ ಹಿಗ್ಗಿಸಿದರೆ ಅಂಚು ಒಡೆಯುತ್ತದೆ. ಬರಿಯ ಗೆರೆಗಳ ಚಿತ್ರವಾದರೆ ಇಂಕ್‌ಸ್ಕೇಪ್ ಮೇಲು, ಬಿಂದುವನ್ನು ಎಳೆದಾಡಿ ತೋರಿಸುವ ಪಾಠವಾದರೆ ಜಿಯೊಜೀಬ್ರಾ ಮೇಲು. ಆದರೆ ಛಾಯೆಗೊಳಿಸಿದ ಭಾಗದ ವಿಸ್ತೀರ್ಣ ಕೇಳುವ ಲೆಕ್ಕಗಳ ಚಿತ್ರಕ್ಕೆ ಬಂದಾಗ ನಾನು ಜಿಂಪ್ ಬಿಟ್ಟು ಕದಲುವುದಿಲ್ಲ. ಆಯ್ಕೆಯ ಪರಿಕರಗಳ ಫಲಕದಲ್ಲಿ ಮೇಲ್ಗಡೆ ನಾಲ್ಕು ಸಣ್ಣ ಗುಂಡಿಗಳಿವೆ. ಮೊದಲನೆಯದು ಹಳೆಯ ಆಯ್ಕೆಯನ್ನು ತೆಗೆದು ಹೊಸದನ್ನು ಇಡುತ್ತದೆ, ಎರಡನೆಯದು ಕೂಡಿಸುತ್ತದೆ, ಮೂರನೆಯದು ಕಳೆಯುತ್ತದೆ, ನಾಲ್ಕನೆಯದು ಎರಡಕ್ಕೂ ಸಾಮಾನ್ಯವಾದ ಭಾಗವನ್ನಷ್ಟೇ ಉಳಿಸುತ್ತದೆ. ಗಣಗಳ ಪಾಠದಲ್ಲಿ ಬರುವ ಸಂಯೋಗ, ವ್ಯತ್ಯಾಸ, ಛೇದನ ಇವೇ. ವೆನ್ ಚಿತ್ರವನ್ನು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಗೀಚಿ ತೋರಿಸುವುದಕ್ಕಿಂತ ಇಲ್ಲಿ ತೋರಿಸಿದಾಗ ಮಕ್ಕಳಿಗೆ ಬೇಗ ಹತ್ತುತ್ತದೆ.

ಚೌಕದೊಳಗಿನ ಎಲೆಯ ಆಕೃತಿಯನ್ನೇ ನೋಡಿ. ಚೌಕದ ಎದುರುಬದುರು ಶೃಂಗಗಳನ್ನು ಕೇಂದ್ರವಾಗಿಟ್ಟು ಬಾಹುವನ್ನೇ ತ್ರಿಜ್ಯವಾಗಿಸಿ ಎಳೆದ ಎರಡು ಕಂಸಗಳ ನಡುವೆ ಆ ಎಲೆ ಮೂಡುತ್ತದೆ. ನನ್ನ ಹಾಳೆಯಲ್ಲಿ ಚೌಕ (600, 600)ರಿಂದ (1000, 1000)ರವರೆಗೆ, ಬಾಹು 400. ಮೊದಲ ವೃತ್ತಕ್ಕೆ ಪೊಸಿಷನ್ 200, 200 ಮತ್ತು ಸೈಜ್ 800, 800. ಅನಂತರ ನಾಲ್ಕನೆಯ ಗುಂಡಿ ಒತ್ತಿ, ಮೊದಲ ವೃತ್ತದ ಮೇಲೆಯೇ ಬೀಳುವಂತೆ ಇನ್ನೊಂದನ್ನು ಸುಮಾರಾಗಿ ಎಳೆದು, ಪೊಸಿಷನ್ 600, 600 ಮತ್ತು ಸೈಜ್ 800, 800 ಎಂದು ತಿದ್ದಿ ಎಂಟರ್ ಒತ್ತಿದರೆ, ಚೌಕದ ಕರ್ಣದುದ್ದಕ್ಕೂ ಚಾಚಿದ ಎಲೆ ಮಾತ್ರ ಆಯ್ಕೆಯಾಗಿ ಉಳಿಯುತ್ತದೆ. ಚೌಕದ ನಾಲ್ಕೂ ಬಾಹುಗಳ ಮೇಲೆ ಒಳಮುಖವಾಗಿ ಅರ್ಧವೃತ್ತಗಳನ್ನು ಎಳೆದಾಗ ಬರುವ ನಾಲ್ಕೆಸಳಿನ ಹೂವಿಗೂ ಇದೇ ಕ್ರಮ. ಅಕ್ಕಪಕ್ಕದ ಎರಡೆರಡು ವೃತ್ತಗಳ ಛೇದನವನ್ನು ತೆಗೆದು ಒಂದೊಂದೇ ಎಸಳನ್ನು ತುಂಬುತ್ತ ಹೋಗಬೇಕು. ಎರಡು ಏಕಕೇಂದ್ರ ವೃತ್ತಗಳ ನಡುವಿನ ಬಳೆಯಾಕಾರಕ್ಕೆ ಕಳೆಯುವ ಗುಂಡಿಯೊಂದೇ ಸಾಕು.

ಎಲೆಯ ಆಯ್ಕೆ ಹಾಗೆಯೇ ಇರುವಾಗ ಕಲರ್ಸ್ ಮೆನುವಿನ ಇನ್ಫೋ ವಿಭಾಗದಲ್ಲಿ ಹಿಸ್ಟೋಗ್ರಾಂ ತೆರೆದರೆ, ಆಯ್ಕೆಯೊಳಗೆ ಎಷ್ಟು ಪಿಕ್ಸೆಲ್‌ಗಳಿವೆ ಎಂಬುದನ್ನು ಅದು ತೋರಿಸುತ್ತದೆ. ಚೌಕದಲ್ಲಿ 1,60,000; ಎಲೆಯಲ್ಲಿ 91,300ರ ಆಸುಪಾಸು. ಭಾಗಿಸಿದರೆ 0.57. ಬಾಹು 7 ಸೆಂ.ಮೀ. ಇದ್ದಾಗ ಪೈ ಬೆಲೆಯನ್ನು 22/7 ಎಂದು ಹಿಡಿದು ಎಲೆಯ ವಿಸ್ತೀರ್ಣ 28 ಚದರ ಸೆಂ.ಮೀ. ಎಂದು ಬಿಡಿಸಿದ ಮಕ್ಕಳು 28ನ್ನು 49ರಿಂದ ಭಾಗಿಸಿ ಅದೇ 0.57 ಪಡೆದಾಗ, ಸೂತ್ರದ ಉತ್ತರ ಮತ್ತು ಎಣಿಕೆಯ ಉತ್ತರ ಒಂದೇ ಆದದ್ದನ್ನು ಕಂಡು ಇಬ್ಬರು ಮೂವರು ಮತ್ತೆ ಎಣಿಸಲು ಕೂತರು. ಪ್ರಶ್ನೆಪತ್ರಿಕೆಗೆಂದು ಬರೆದ ಚಿತ್ರ ಪಾಠವಾದದ್ದು ಹೀಗೆ.

ಛಾಯೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೂದು ಬಣ್ಣ ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ಝೆರಾಕ್ಸ್ ಆದ ಮೇಲೆ ಒಂದು ಪ್ರತಿಯಲ್ಲಿ ಮಸಿ ಮೆತ್ತಿದಂತೆ, ಇನ್ನೊಂದರಲ್ಲಿ ಖಾಲಿಯಂತೆ ಬರುತ್ತದೆ. ಅದಕ್ಕಾಗಿ ನಾನು ಓರೆ ಗೆರೆಗಳ ಛಾಯೆಯನ್ನು ಬಳಸುತ್ತೇನೆ. 40 × 40 ಪಿಕ್ಸೆಲ್‌ನ ಬೇರೊಂದು ಪುಟ್ಟ ಹಾಳೆ ತೆರೆದು, ಮೂಲೆಯಿಂದ ಮೂಲೆಗೆ ಒಂದು ಓರೆ ಗೆರೆ ಎಳೆದು, ಉಳಿದ ಎರಡು ಮೂಲೆಗಳಲ್ಲಿ ಅದೇ ದಪ್ಪದ ಚುಕ್ಕೆಯನ್ನು ತಾಗಿಸಿ, ಇಡೀ ಹಾಳೆಯನ್ನು ಕಾಪಿ ಮಾಡುತ್ತೇನೆ. ಆ ಚುಕ್ಕೆಗಳಿಲ್ಲದಿದ್ದರೆ ಬಿಲ್ಲೆಗಳು ಪಕ್ಕಪಕ್ಕ ಕೂತಾಗ ಗೆರೆ ಪ್ರತಿ ಮೂಲೆಯಲ್ಲಿ ಸಣಕಲಾಗುತ್ತದೆ. ಕಾಪಿ ಮಾಡಿದ್ದು ಪ್ಯಾಟರ್ನ್‌ಗಳ ಪಟ್ಟಿಯಲ್ಲಿ ಕ್ಲಿಪ್‌ಬೋರ್ಡ್ ಎಂಬ ಹೆಸರಿನಲ್ಲಿ ಸಿದ್ಧವಾಗಿರುತ್ತದೆ; ಅದನ್ನು ಆರಿಸಿ ಎಡಿಟ್ ಮೆನುವಿನ ಫಿಲ್ ವಿತ್ ಪ್ಯಾಟರ್ನ್ ಒತ್ತಿದರೆ ಎಲೆಯ ತುಂಬ ಓರೆ ಗೆರೆ ಹರಡುತ್ತದೆ. ಛಾಯೆಯನ್ನು ಕೆಳಗಿನ ಪದರದಲ್ಲಿ (ಲೇಯರ್), ಬಾಹ್ಯರೇಖೆಯನ್ನು ಮೇಲಿನ ಪದರದಲ್ಲಿ ಇಟ್ಟರೆ ಅಂಚು ಶುಚಿಯಾಗಿರುತ್ತದೆ. ಚೌಕದ ಹೊರಗೆ ಹೋದ ಕಂಸಗಳನ್ನು ತೆಗೆಯಲು ಚೌಕವನ್ನು ಆಯ್ದು, ಕಂಟ್ರೋಲ್ ಮತ್ತು ಐ ಒತ್ತಿ ಆಯ್ಕೆಯನ್ನು ತಿರುಗಿಸಿ, ಡಿಲೀಟ್ ಒತ್ತಬೇಕು.

ಸಮ ಬಹುಭುಜಗಳಿಗೆ ಫಿಲ್ಟರ್ಸ್ ಮೆನುವಿನ ರೆಂಡರ್ ವಿಭಾಗದಲ್ಲಿ ಜಿಫಿಗ್ ಎಂಬ ಪ್ರತ್ಯೇಕ ಕಿಟಕಿಯೇ ಇದೆ. ಬಾಹುಗಳ ಸಂಖ್ಯೆ ಕೊಟ್ಟರೆ ಪಂಚಭುಜ, ಷಡ್ಭುಜ, ನಕ್ಷತ್ರ ಎಲ್ಲವೂ ಬರುತ್ತವೆ. ಹಳೆಯ ಶೈಲಿಯ ಕಿಟಕಿಯಾದ್ದರಿಂದ ಅದರ ಮೇಲೆ ನನಗೆ ಅಷ್ಟಾಗಿ ಪ್ರೀತಿಯಿಲ್ಲ.

ಶಂಕು ಬರೆಯುವಾಗ ತಳದ ದೀರ್ಘವೃತ್ತದ ಹಿಂಭಾಗ ತುಂಡು ಗೆರೆಯಾಗಿರಬೇಕು. ಒಂದೇ ಆಯ್ಕೆಯನ್ನು ಒಂದು ಪದರದಲ್ಲಿ ಇಡೀ ಗೆರೆಯಿಂದಲೂ ಇನ್ನೊಂದರಲ್ಲಿ ತುಂಡು ಗೆರೆಯಿಂದಲೂ ಸ್ಟ್ರೋಕ್ ಮಾಡಿ, ಮೊದಲನೆಯದರ ಮೇಲರ್ಧವನ್ನೂ ಎರಡನೆಯದರ ಕೆಳಗಿನ ಅರ್ಧವನ್ನೂ ಅಳಿಸಿದರೆ ಆಯಿತು. ಶಂಕುವಿನ ಓರೆ ಅಂಚುಗಳು ನಿಜಕ್ಕೂ ಆ ದೀರ್ಘವೃತ್ತಕ್ಕೆ ಸ್ಪರ್ಶಕಗಳು, ಅದರ ಎರಡು ತುದಿಗಳಿಗೆ ತಾಗುವ ಗೆರೆಗಳಲ್ಲ. ಅರ್ಧ ಅಗಲ 300, ಅರ್ಧ ಎತ್ತರ 60, ಶಂಕುವಿನ ಎತ್ತರ 600 ಆದಾಗ ಸ್ಪರ್ಶಬಿಂದು ತುದಿಗಿಂತ 6 ಪಿಕ್ಸೆಲ್ ಮಾತ್ರ ಮೇಲಿರುತ್ತದೆ. 10 ಪಿಕ್ಸೆಲ್ ದಪ್ಪದ ಗೆರೆಯಲ್ಲಿ ಈ ವ್ಯತ್ಯಾಸ ಮುಚ್ಚಿಹೋಗುವುದರಿಂದ ಅಲ್ಲಿ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ತಳವನ್ನು ದುಂಡಗೆ ತೋರಿಸಬೇಕಾದಾಗ ಮಾತ್ರ ಲೆಕ್ಕ ಹಾಕುತ್ತೇನೆ.

ಅಕ್ಷರ ಮತ್ತು ಅಳತೆಗಳಿಗೆ ಯಾವಾಗಲೂ ಬೇರೆಯದೇ ಪದರ. ಯೂನಿಕೋಡ್ ಫಾಂಟ್ ಆದರೆ ಜಿಂಪ್‌ನಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿಯೇ ಮೂಡುತ್ತವೆ. ನಾನು ನೋಟೋ ಸಾನ್ಸ್ ಕನ್ನಡ ಬಳಸುತ್ತೇನೆ. ನಮ್ಮ ಭಾಗದಲ್ಲಿ ಉರ್ದು ಮಾಧ್ಯಮದ ಸರ್ಕಾರಿ ಶಾಲೆಗಳೂ ಇರುವುದರಿಂದ, ಅಂಥ ಶಾಲೆಯ ಗಣಿತ ಮೇಡಂ ಒಬ್ಬರು ನನ್ನಿಂದ ಚಿತ್ರಗಳನ್ನು ತರಿಸಿಕೊಳ್ಳುತ್ತಾರೆ. ಅವರಿಗೆ ಪಿಎನ್‌ಜಿ ಎಂಬ ಸಾಮಾನ್ಯ ಚಿತ್ರಕಡತವನ್ನು ಕಳಿಸದೆ, ಪದರಗಳು ಹಾಗೆಯೇ ಉಳಿಯುವ ಜಿಂಪ್‌ನದೇ ಎಕ್ಸ್‌ಸಿಎಫ್ ಕಡತವನ್ನೇ ಕಳಿಸುತ್ತೇನೆ. ಅವರು ನನ್ನ ಅಕ್ಷರಗಳ ಪದರವನ್ನು ಮುಚ್ಚಿ, ಅದರ ಮೇಲೆ ತಮ್ಮ ಪದರವೊಂದನ್ನು ಸೇರಿಸಿ, ಎಕ್ಸ್‌ಪೋರ್ಟ್ ಆ್ಯಸ್ ಮೂಲಕ ಪಿಎನ್‌ಜಿ ಮಾಡಿಕೊಳ್ಳುತ್ತಾರೆ. ಸೇವ್ ಒತ್ತಿದರೆ ಎಕ್ಸ್‌ಸಿಎಫ್ ಮಾತ್ರ ಬರುತ್ತದೆ ಎಂಬುದನ್ನು ಮೊದಲೇ ತಿಳಿಸಿದ್ದರಿಂದ ಅವರು ಫೋನ್ ಮಾಡುವುದು ಈಗ ಲೆಕ್ಕದ ವಿಷಯಕ್ಕಷ್ಟೇ: ಕಳೆದ ಸಲ ಕೇಳಿದ್ದು, ನಾಲ್ಕೆಸಳಿನ ಹೂವಿನಲ್ಲಿ ಎಸಳನ್ನು ಬಿಟ್ಟು ಉಳಿದ ಭಾಗಕ್ಕೆ ಛಾಯೆ ಕೊಡುವುದು ಹೇಗೆಂದು. ಎಸಳುಗಳನ್ನು ಕೂಡಿಸಿ ಆಯ್ದು, ಆಯ್ಕೆಯನ್ನು ತಿರುಗಿಸಿ, ಚೌಕದೊಂದಿಗೆ ಛೇದನ ಮಾಡಿರಿ ಎಂದೆ.