ಓವರೈಸೆಲ್ ಅಂತ ತಂದದ್ದು ಉಟ್ರೆಕ್ಟ್ ಆಗಿತ್ತು

ಆಫೀಸಿನವರು ನೆದರ್‌ಲ್ಯಾಂಡ್ಸ್‌ಗೆ ಕಳಿಸಿದಾಗ ಚಳಿಗಾಲದ ಭಾನುವಾರಗಳನ್ನು ಕಳೆಯೋಕೆ ಶುರುವಾದ ಹಳೇ ನಾಣ್ಯಗಳ ಹುಚ್ಚು ಇದು. ಮೊದಲು ಕೊಂಡದ್ದು ಒಂದು ಲೇವನ್‌ಡಾಲ್ಡರ್, ಅಂದರೆ ಸಿಂಹದ ಡಾಲರ್. 1575ರಲ್ಲಿ ಹಾಲೆಂಡ್ ಪ್ರಾಂತ್ಯ ಇದನ್ನು ಶುರು ಮಾಡಿತು. ಆಮೇಲೆ ಉಟ್ರೆಕ್ಟ್, ಗೆಲ್ಡರ್‌ಲ್ಯಾಂಡ್, ಓವರೈಸೆಲ್ ಎಲ್ಲ ತಮ್ಮ ತಮ್ಮ ಟಂಕಸಾಲೆಯಲ್ಲಿ ಹೊಡೆಸಿದವು. ಪ್ರಾಂತ್ಯಕ್ಕೊಂದರಂತೆ ಸೇರಿಸೋಣ ಅಂತ ಹೊರಟೆ. ಸುಲಭ ಅಂದುಕೊಂಡಿದ್ದೆ.

ಎಲ್ಲವೂ ನೋಡೋಕೆ ಒಂದೇ ಥರ. ಒಂದು ಕಡೆ ಸಿಂಹದ ಗುರಾಣಿಯ ಹಿಂದೆ ನಿಂತ ಯೋಧ, ಇನ್ನೊಂದು ಕಡೆ ದೊಡ್ಡ ಸಿಂಹ. 1659ರ ನಂತರದ ಬೆಳ್ಳಿ ಡುಕಾಟ್ ಎಂಬ ಇನ್ನೊಂದು ಡಚ್ ನಾಣ್ಯದಲ್ಲಾದರೆ ಪ್ರಾಂತ್ಯದ ಲಾಂಛನವೇ ಇರುತ್ತದೆ. ಇಲ್ಲಿ ಅಂಚಿನ ಲ್ಯಾಟಿನ್ ಅಕ್ಷರಗಳನ್ನೇ ಓದಬೇಕು. ಉಟ್ರೆಕ್ಟ್‌ಗೆ ಟಿ-ಆರ್-ಎ. ಓವರೈಸೆಲ್‌ಗೆ ಟಿ-ಆರ್-ಎ-ಎನ್, ಕೆಲವೊಮ್ಮೆ ಇನ್ನೂ ಉದ್ದ. ಒಂದಕ್ಷರದ ವ್ಯತ್ಯಾಸ.

ಆ ಅಕ್ಷರಗಳಾದರೂ ಸರಿಯಾಗಿ ಮೂಡಿರುತ್ತವಾ? ಇಲ್ಲ. ಇದು ಹೊರದೇಶದ ವ್ಯಾಪಾರಕ್ಕೆ ಹೊಡೆದ ದುಡ್ಡು, ಬೆಳ್ಳಿ ಬರೀ 75 ಪರ್ಸೆಂಟ್, ಅಚ್ಚೊತ್ತಿದ್ದೂ ಅಷ್ಟಕ್ಕಷ್ಟೇ. ಅರಬರು ಇದನ್ನು ‘ಅಬು ಕಲ್ಬ್’, ನಾಯಿಯ ಅಪ್ಪ, ಅಂತ ಕರೆಯುತ್ತಿದ್ದರು. ನನ್ನ ಹತ್ತಿರದ ಒಂದೆರಡು ಸಿಂಹ ನೋಡಿದರೆ ಅವರದ್ದೇನೂ ತಪ್ಪಿಲ್ಲ.

ಒಂದು ನಾಣ್ಯ ಮೇಳದಲ್ಲಿ ‘ಓವರೈಸೆಲ್’ ಎಂಬ ಚೀಟಿ ಕಂಡು ಜಾಸ್ತಿ ದುಡ್ಡು ಕೊಟ್ಟು ತಂದೆ. ರಾತ್ರಿ ಟೇಬಲ್ ಲ್ಯಾಂಪನ್ನು ಪಕ್ಕಕ್ಕೆ ವಾಲಿಸಿ, ಭೂತಗನ್ನಡಿ ಹಿಡಿದು ನಿಧಾನಕ್ಕೆ ತಿರುಗಿಸಿದೆ. ‘ಎ’ ಆದಮೇಲೆ ಚುಕ್ಕಿ. ನಾನು ‘ಎನ್’ ಅಂದುಕೊಂಡಿದ್ದ ಗೀಟು ಲೋಹದ ಸೀಳು! ಉಟ್ರೆಕ್ಟ್ ನಗರದ ಪುಟ್ಟ ಗುರಾಣಿ ಗುರುತೂ ಅಲ್ಲೇ ಇತ್ತು. ನನ್ನ ಡಬ್ಬಿಯಲ್ಲಿ ಆಗಲೇ ಎರಡು ಉಟ್ರೆಕ್ಟ್ ಇದ್ದವು.

ಅಂದಿನಿಂದ ಚೀಟಿ ನೋಡುವುದು ಕೊನೆಗೆ. ಜೇಬಿನ ತಕ್ಕಡಿ ಮೊದಲು: ಅಸಲು ತೂಕ ಸುಮಾರು 27.68 ಗ್ರಾಂ, ಸವೆದದ್ದು ಸ್ವಲ್ಪ ಕಡಿಮೆ ತೂಗಿದರೆ ಪರವಾಗಿಲ್ಲ. ತೀರಾ ಕಡಿಮೆ ಬಂದರೆ ಅಂಚು ಕತ್ತರಿಸಿದ್ದಾರಾ ಅಂತ ನೋಡುತ್ತೇನೆ. ಹೊಸ ಪಾತ್ರೆಯ ಹಾಗೆ ಫಳಫಳ ಹೊಳೆದರೆ ಯಾರೋ ಉಜ್ಜಿದ್ದಾರೆ, ಬಿಟ್ಟುಬಿಡುತ್ತೇನೆ. ಬೂದು ಬಣ್ಣಕ್ಕೆ ತಿರುಗಿದ್ದೇ ನನಗಿಷ್ಟ.

ಫ್ರೀಸ್‌ಲ್ಯಾಂಡಿನದು ಇನ್ನೂ ಸಿಕ್ಕಿಲ್ಲ. ಹೋದ ವರ್ಷ ಒಂದು ಕೈಗೆ ಬಂದಿತ್ತು, ಅಕ್ಷರಗಳೂ ಸ್ಪಷ್ಟ. ಆದರೆ ಯೋಧನ ತಲೆಯ ನೇರಕ್ಕೆ ಅಂಚಿನಲ್ಲಿ ಸಣ್ಣ ಉಬ್ಬು. ನಮ್ಮ ಅಜ್ಜಿಯ ಕಾಸಿನ ಸರದ ಕಾಸುಗಳಿಗೆ ಇದ್ದಂಥದ್ದೇ, ಕೊಂಡಿ ಬೆಸೆದ ಗುರುತು. ಯಾರೋ ಕೊರಳಿಗೆ ಹಾಕಿಕೊಂಡಿದ್ದಾರೆ. ವಾಪಸ್ ಕೊಟ್ಟೆ.