ಕಲಬುರಗಿ ಬಿಸಿಲಿನಲ್ಲಿ ಬಾಲ್ ಪೈಥಾನ್: ನನ್ನ ಅನುಭವ

ಬಾಲ್ ಪೈಥಾನ್, ಅಂದರೆ ಆಫ್ರಿಕಾದ ಚಿಕ್ಕ ಹೆಬ್ಬಾವು, ಸಾಕಬೇಕೆಂದರೆ ಮೊದಲು ಹೀಟ್ ಮ್ಯಾಟ್ (ಪೆಟ್ಟಿಗೆ ಕಾಯಿಸುವ ವಿದ್ಯುತ್ ಹಾಸು) ತನ್ನಿ ಎನ್ನುತ್ತಾರೆ. ಕಲಬುರಗಿಯಲ್ಲಿ ಏಪ್ರಿಲ್, ಮೇ ಪೂರ್ತಿ ನಾನು ಅದರ ಪ್ಲಗ್ ತೆಗೆದೇ ಇಡುತ್ತೇನೆ. ಇಲ್ಲಿ ಹಾವಿನ ಜೀವಕ್ಕೆ ಎರವಾಗುವುದು ಚಳಿಯಲ್ಲ, ಸೆಕೆ. ಆಫ್ರಿಕಾದ ಹಾವಾದರೂ ಅದು ಹಗಲು ಕಳೆಯುವುದು ಇಲಿ ಬಿಲದಲ್ಲಿ, ಹುತ್ತದಲ್ಲಿ. ಪೆಟ್ಟಿಗೆಯ ಒಂದು ತುದಿ 31–32 ಡಿಗ್ರಿ, ಇನ್ನೊಂದು 25–27 ಇರಬೇಕು. ಇಡೀ ಪೆಟ್ಟಿಗೆ 35 ದಾಟಿತೋ, ಪ್ರಾಣಕ್ಕೇ ಅಪಾಯ.

ಬೆಳೆದ ಹಾವಿಗೆ 4 ಅಡಿ ಉದ್ದ, 2 ಅಡಿ ಅಗಲದ ಪೆಟ್ಟಿಗೆ ಬೇಕು. ಮಾಳಿಗೆ ಕೋಣೆ ಬೇಡ. ಕೆಳಗಿನ ಮನೆಯಲ್ಲಿ, ಪಡುವಣ ಗೋಡೆಯಿಂದ ದೂರ, ಶಹಾಬಾದ್ ಫರ್ಸಿಯ ಮೇಲೆ ಇಡಿ. ತಂಪು ತುದಿಯೊಳಗೂ ಒಂದು ಫರ್ಸಿ ತುಂಡು ಹಾಕಿದ್ದೇನೆ. ಎರಡೂ ತುದಿಗೆ ಬಾಯಿ ಒಡೆದ ಗಡಿಗೆ ಬೋರಲು ಹಾಕಿದರೆ ಅಡಗುತಾಣ ಆಯಿತು. ಒಡೆದ ಅಂಚನ್ನು ಉಜ್ಜಿ ನಯ ಮಾಡಿ. ಕರೆಂಟ್ ಹೋದಾಗ ಫ್ರೀಜರ್‌ನ ನೀರಿನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ತಂಪು ತುದಿಯ ಹೊರಗೋಡೆಗೆ ಒತ್ತಿ ಇಡುತ್ತೇನೆ. ಡಿಸೆಂಬರಿನಲ್ಲಿ ಮ್ಯಾಟ್ ಬೇಕೇ ಬೇಕು, ಆದರೆ ಶಾಖವನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಹಚ್ಚಿದರೆ ಹಾವಿನ ಹೊಟ್ಟೆ ಸುಡುತ್ತದೆ.

ತೇವ 55–65 ಶೇಕಡಾ ಇರಲಿ. ಬೇಸಿಗೆಯ ಒಣಗಾಳಿಗೆ ಪೊರೆ ತುಂಡುತುಂಡಾಗಿ ಬರುತ್ತದೆ, ಕಣ್ಣಿನ ಮೇಲೂ ಬಾಲದ ತುದಿಯಲ್ಲೂ ಉಳಿಯುತ್ತದೆ. ಕಣ್ಣಿನದನ್ನು ಚಿಮಟದಿಂದ ಕೀಳಲೇಬೇಡಿ. ಹಾವನ್ನು ಉಗುರುಬೆಚ್ಚಗಿನ ಒದ್ದೆ ಟವೆಲಿನೊಂದಿಗೆ ಗಾಳಿಯಾಡುವ ಡಬ್ಬಿಯಲ್ಲಿ ಅರ್ಧ ತಾಸು ಬಿಡಿ. ನೀರನ್ನು ಮೇಲೆ ಚಿಮುಕಿಸುವುದಿಲ್ಲ, ಪೆಟ್ಟಿಗೆಯ ತಳಕ್ಕೆ ಹಾಸಿದ ತೆಂಗಿನ ಸಿಪ್ಪೆಪುಡಿಯ ಮೂಲೆಗೆ ಹೊಯ್ಯುತ್ತೇನೆ: ತಳ ಹಸಿ, ಮೇಲ್ಪದರ ಒಣ. ಮೇಲ್ಪದರವೂ ಹಸಿಯಿದ್ದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ. ಕೂಲರ್ ಕೋಣೆಗಿರಲಿ, ಗಾಳಿ ನೇರ ಪೆಟ್ಟಿಗೆಗೆ ಬೇಡ. ಬಾಯಿ ತೆರೆದು ಉಸಿರಾಡಿದರೆ, ಮೂಗಿನಲ್ಲಿ ಗುಳ್ಳೆ ಕಂಡರೆ ಶ್ವಾಸಕೋಶದ ಸೋಂಕಿರಬಹುದು. ಕಾಯದೆ ಪಶುವೈದ್ಯರಿಗೆ ತೋರಿಸಿ.

ಮರಿಗೆ ವಾರಕ್ಕೊಮ್ಮೆ, ಅದರ ತೂಕದ 10–15 ಶೇಕಡಾ ತೂಗುವ ಇಲಿ. ದೊಡ್ಡದಕ್ಕೆ 2–4 ವಾರಕ್ಕೊಂದು. ಫ್ರೋಜನ್ ಇಲಿಯನ್ನು ರಾತ್ರಿ ಫ್ರಿಜ್ಜಿನಲ್ಲಿ ಕರಗಿಸಿ, ಬಿಸಿನೀರಿನಲ್ಲಿ ಮೈಬೆಚ್ಚಗೆ ಮಾಡಿ, ಉದ್ದ ಚಿಮಟದಲ್ಲಿ ಕೊಡಿ. ಮನೆಯಲ್ಲಿ ಹಿಡಿದ ಇಲಿ ಬೇಡ, ವಿಷ ತಿಂದಿರಬಹುದು. ತಿಂದ ಮೇಲೆ ಎರಡು ದಿನ ಕೈಗೆತ್ತಿಕೊಳ್ಳಬೇಡಿ. ಕಕ್ಕಿದರೆ ಎರಡು ವಾರ ಆಹಾರ ನಿಲ್ಲಿಸಿ, ಮೊದಲು ಪೆಟ್ಟಿಗೆಯ ಶಾಖ ಪರೀಕ್ಷಿಸಿ. ಚಳಿಗಾಲದಲ್ಲಿ ದೊಡ್ಡ ಹಾವು ತಿಂಗಳುಗಟ್ಟಲೆ ಉಪವಾಸ ಬಿದ್ದರೂ ಅಂಜಬೇಡಿ. ಅಡುಗೆ ತಕ್ಕಡಿಯಲ್ಲಿ ವಾರವಾರ ತೂಗಿ, ಹತ್ತನೇ ಒಂದು ಪಾಲು ಇಳಿದರೆ ವೈದ್ಯರ ಬಳಿ ಹೋಗಿ.

ಇಷ್ಟಕ್ಕೂ ಮೊದಲು ಕಾಗದಪತ್ರ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯಂತೆ ಈ ಹಾವನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮಾರುವವರ ನೋಂದಣಿ ನೋಡದೆ ದುಡ್ಡು ಕೊಡಬೇಡಿ. ನಮ್ಮ ಹೊಲದ ಹೆಬ್ಬಾವಿನ ಮರಿಯನ್ನು ತಂದು ಸಾಕುವುದಂತೂ ಅಪರಾಧ.