ಕಾಗದದ ಗೊಂಬೆಯ ತರಲೆ ಕಾರ್ಟೂನ್, ಚಿಕ್ಕಮಗಳೂರಿನ ಮಳೆಗಾಲದಲ್ಲಿ

1997ರಲ್ಲಿ ಪ್ರಸಾರವಾದ ಅಮೆರಿಕದ ಟಿವಿ ಕಾರ್ಟೂನ್ ‘ಸೌತ್ ಪಾರ್ಕ್’ನ ಮೊದಲ ಕಂತನ್ನು ಟ್ರೇ ಪಾರ್ಕರ್, ಮ್ಯಾಟ್ ಸ್ಟೋನ್ ಬಣ್ಣದ ಕಾಗದ ಕತ್ತರಿಸಿಯೇ ಮಾಡಿದ್ದರು, ಕಂಪ್ಯೂಟರ್ ಬಂದದ್ದು ಆಮೇಲೆ. ಆ ದಾರಿ ಇಂದಿಗೂ ಅಗ್ಗ.

ಮೊದಲು ಧ್ವನಿ ರೆಕಾರ್ಡ್ ಮಾಡಿ. ತೋಟದ ಸಾಹುಕಾರರೂ ಲೆಕ್ಕ ಬರೆಯುವ ರೈಟರೂ ಕಾಫಿ ರೇಟಿಗೆ ಜಗಳವಾಡುವ ಅರ್ಧ ನಿಮಿಷ ಸಾಕು: ಗೊಂಬೆಗಳನ್ನು ಚೂರು ಚೂರೇ ಸರಿಸುತ್ತ ಸೆಕೆಂಡಿಗೆ 12ರಂತೆ 360 ಫೋಟೊ ತೆಗೆಯಬೇಕು.

ಒಬ್ಬೊಬ್ಬರಿಗೂ ಆರು ಬಾಯಿ ಕತ್ತರಿಸಿ: ಮುಚ್ಚಿದ್ದು, ಅ, ಇ, ಎ, ಒ, ಉ. ಪ, ಬ, ಮ ಬಂದಾಗ ಬಾಯಿ ಮುಚ್ಚಲೇಬೇಕು. ‘ಅಪ್ಪಾ’ ಎಂಬಲ್ಲಿ ಎರಡು ಫ್ರೇಮ್ (ಎರಡು ಫೋಟೊ) ಬಾಯಿ ಹಾಗೇ ನಿಲ್ಲಲಿ. ಇಲ್ಲಿ ತಪ್ಪಿದರೆ ಎಂಥ ಬೈಗುಳಕ್ಕೂ ನಗು ಬರದು.

ಆಷಾಢದ ತೇವಕ್ಕೆ ತೆಳು ಕಾಗದ ಸುರುಳಿ ಸುತ್ತುತ್ತದೆ, ಚದರ ಮೀಟರಿಗೆ 250 ಗ್ರಾಂ ತೂಗುವ, ಅಂದರೆ 250 ಜಿಎಸ್‌ಎಂ ಕಾರ್ಡೇ ಬೇಕು. ಕಿಟಕಿ ಮುಚ್ಚಿ; ಇಲ್ಲದಿದ್ದರೆ ಮುಳ್ಳಯ್ಯನಗಿರಿಯ ಮೋಡ ಬಂದುಹೋದಂತೆಲ್ಲ ಚಿತ್ರ ಮಿಣುಕುತ್ತದೆ. ಎರಡು ಎಲ್‌ಇಡಿ ದೀಪಗಳನ್ನು 45 ಡಿಗ್ರಿಯಲ್ಲಿಟ್ಟು, ಮೊಬೈಲಿನ ಫೋಕಸ್, ಎಕ್ಸ್‌ಪೋಶರ್ (ಬೆಳಕಿನ ಅಳತೆ) ಲಾಕ್ ಮಾಡಿ. ಫ್ಯಾನ್ ನಿಲ್ಲಿಸಿ.